ಹಳೆಯ ಕಾರಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ಸಾಮಾನ್ಯವಾಗಿ ದೇವಾಲಯಗಳ, ಕೆರೆಕಟ್ಟೆಗಳ ವಿಷಯದಲ್ಲಿ ಬಳಸುವುದುಂಟು. ಅದನ್ನು ಒಂದು ಮೋಟಾರು ಕಾರಿಗೆ ಅನ್ವಯಿಸಿದರೆ ಅತಿಶಯೋಕ್ತಿಯೆಂದು ಕೆಲವರು ನಗಬಹುದು. ಆದರೆ ಕೆರೆಯ ಏರಿ ಬಿರುಕುಬಿಟ್ಟಿರುವಾಗ ಸೋಪಾನಕ್ಕೆ ಸುಣ್ಣ ಬಳಿಯುವಂಥ ಅವಿವೇಕಕ್ಕೆ ಹಳೆಯ ಕಾರಿನ ವಿಷಯದಲ್ಲಿಯೂ ಧಾರಾಳವಾಗಿ ಅವಕಾಶವುಂಟು. ಆ ಅವಿವೇಕವನ್ನು ನಾವೇ ಮಾಡಿ ಅದರ ಫಲವನ್ನೂ ಉಂಡವರಾದ್ದರಿಂದ, ಈ ಹೊತ್ತು ಶ್ರೋತೃಗಳ ಮುಂದೆ ಎರಡು ಮಾತುಗಳನ್ನಾಡುವ ಧೈರ್ಯ ಮಾಡಿದ್ದೇವೆ.

ಯಂತ್ರವಿದ್ಯೆಯಲ್ಲಿ ನಮಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇವೆ. ನಾವು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುವವರು. ಸ್ಪ್ಯಾನರು ಹಿಡಿದದ್ದು ನಲವತ್ತರ ಹತ್ತಿರ ಬಂದಮೇಲೆ. ಹಿಡಿಯುವುದಕ್ಕೆ ಕಾರಣವಾದದ್ದು ನಮ್ಮ ತಂದೆಯವರು 1983ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು.

ಈ ಕಾರಿನ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. ಇಟಲಿಯ ಫಿಯಟ್ ಸಂಸ್ಥೆಯವರು 1953ರಲ್ಲಿ ಹೊರತಂದ 1100 ಎಂಬ ಕಾರು ಇದರ ಮೂಲಪುರುಷ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ಆ ವಂಶದ ಕಾರುಗಳನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸಿತು. ಪದ್ಮಿನಿಯೆಂದು ನಾಮಕರಣವಾದದ್ದು 1974ರಲ್ಲಿ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯೆಂದರೆ ಬಹುಕಾಲ ಇದೇ ಕಾರು. ಅವುಗಳಲ್ಲಿ ಕಟ್ಟಕಡೆಯದು ವಯೋಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಬೀದಿಯಿಂದ ನಿವೃತ್ತವಾಯಿತು.

ಮನೆಯಂಗಳದಲ್ಲಿ ದುರಸ್ತಿ ಮಾಡಿಕೊಳ್ಳುವವನಿಗೆ ಈ ಕಾರು ಅನುಕೂಲವಾದದ್ದೇಕೆಂದರೆ, ಇದರಲ್ಲಿ ಮರೆಮಾಚಿದ್ದು ಏನೂ ಇಲ್ಲ. 1089 ಘನ ಸೆಂಟಿಮೀಟರಿನ ಇಂಜಿನು, ನಾಲ್ಕು ಸಿಲಿಂಡರು, ಒಂದು ಕಾರ್ಬುರೇಟರು. ಗೇರು ಬದಲಾಯಿಸುವ ಕೋಲು ಸ್ಟಿಯರಿಂಗ್ ಕಂಬದ ಮೇಲೆ. ಕಿಡಿ ಹುಟ್ಟಿಸುವುದು ಎರಡು ಲೋಹದ ತುದಿಗಳು ಕೂಡಿ ಅಗಲುವುದರಿಂದ. ಗಣಕಯಂತ್ರವೆಂಬುದು ಇದರಲ್ಲಿ ಎಲ್ಲಿಯೂ ಇಲ್ಲ. ಕೆಟ್ಟ ಭಾಗ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ, ಬಹುಪಾಲು ಬಿಚ್ಚುವುದಕ್ಕೂ ಬರುತ್ತದೆ.

ಇನ್ನು ನಮ್ಮ ಅವಿವೇಕದ ಕಥೆ. ತಂದೆಯವರಿಗೆ ಕಣ್ಣು ಮಂದವಾದಮೇಲೆ ಕಾರು ಏಳು ವರ್ಷ ಷೆಡ್ಡಿನಲ್ಲಿ ನಿಂತಿತ್ತು. ಅವರ ಎಂಬತ್ತನೆಯ ವರ್ಷಕ್ಕೆ, ಎಂದರೆ 2019ರಲ್ಲಿ, ಅದನ್ನು ಹೊಸದರಂತೆ ಮಾಡಿ ತೋರಿಸಬೇಕೆಂಬ ಆಸೆ ನಮಗೆ ಹುಟ್ಟಿತು. ತಗಡಿನ ಕೆಲಸಕ್ಕೂ ಬಣ್ಣಕ್ಕೂ 48,000 ರೂಪಾಯಿ ವೆಚ್ಚಮಾಡಿದೆವು. ಹೊಸ ಬ್ಯಾಟರಿ ಹಾಕಿಸಿದೆವು. ಪೆಟ್ರೋಲು ತುಂಬಿದೊಡನೆ ಇಂಜಿನು ಓಗೊಟ್ಟಿತು. ಬ್ರೇಕನ್ನು ಅಂಗಳದಲ್ಲಿ ಎರಡು ಬಾರಿ ತುಳಿದು ನೋಡಿದೆವು, ನಿಂತಿತು. ಅಷ್ಟರಿಂದಲೇ ತೃಪ್ತರಾಗಿ, ಮುಂದೆ ತಂದೆಯವರನ್ನೂ ಹಿಂದೆ ಮನೆಯವರನ್ನೂ ಮಗಳನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆವು.

ಏರುವುದೇನೋ ಏರಿತು. ಇಳಿಯುವಾಗ ತಿರುವುತಿರುವಿಗೂ ಬ್ರೇಕು ತುಳಿಯುತ್ತ ಬಂದೆವು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂದಿತು. ಮುಂದಿನ ತಿರುವಿನಲ್ಲಿ ಪೆಡಲು ಹತ್ತಿಯ ಮೂಟೆಯನ್ನು ತುಳಿದಂತೆ ನೆಲದವರೆಗೂ ಇಳಿದುಹೋಯಿತು. "ಎರಡನೆಯ ಗೇರಿಗೆ ಹಾಕು, ಕೈಬ್ರೇಕು ಎಳಿ" ಎಂದು ತಂದೆಯವರು ಹೇಳಿದ್ದು ಕಿವಿಗೆ ಬಿದ್ದಿತು. ಹಾಗೆಯೇ ಮಾಡಿ, ಬೆಟ್ಟದ ಕಡೆಯ ಮಣ್ಣಿನ ದಿಣ್ಣೆಗೆ ಕಾರನ್ನು ಒರಸಿ ನಿಲ್ಲಿಸಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಹೊಸ ಬಣ್ಣ ಮಾತ್ರ ಒಂದು ಪಕ್ಕದಲ್ಲಿ ಉದ್ದಕ್ಕೂ ಎದ್ದುಹೋಗಿತ್ತು. ತಂದೆಯವರು ಇಳಿದು ಅದನ್ನು ನೋಡಿ, "ಹೊಳಪು ಚೆನ್ನಾಗಿತ್ತಪ್ಪ, ನಿಲ್ಲಿಸುವುದನ್ನು ಯಾವಾಗ ಮಾಡಿಸುತ್ತೀಯೆ?" ಎಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆ ನಮ್ಮನ್ನು ಕುರಿತೇ ಹುಟ್ಟಿತೆಂದು ಆ ಹೊತ್ತು ತೋರಿತು.

ಆಶ್ಚರ್ಯವೇನೆಂದರೆ, ಅರ್ಧ ಗಂಟೆಯ ಅನಂತರ ಪೆಡಲು ತಾನಾಗಿ ಗಟ್ಟಿಯಾಯಿತು. ಕಾರಣವನ್ನು ತಿಳಿಸಿದವರು ಮಂಡಿ ಮೊಹಲ್ಲಾದ ವೃದ್ಧ ಮೇಸ್ತ್ರಿಯೊಬ್ಬರು. ಬ್ರೇಕಿನ ಎಣ್ಣೆಗೆ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುವ ಸ್ವಭಾವವುಂಟು. ಸಾಮಾನ್ಯವಾಗಿ ಬಳಸುವ ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಾಗಿರುವಾಗ 205 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕುದಿಯಕೂಡದೆಂಬುದು ನಿಯಮ, ನೂರಕ್ಕೆ 3.7ರಷ್ಟು ನೀರು ಸೇರಿದರೆ ಈ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಒಂದೇ ಸಮನೆ ತುಳಿದಾಗ ಚಕ್ರದೊಳಗಿನ ಡ್ರಮ್ಮು ಕಾದು, ಎಣ್ಣೆ ಕುದಿದು ಆವಿಯಾಗುತ್ತದೆ. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆದ್ದರಿಂದ ತುಳಿದ ಬಲ ಚಕ್ರವನ್ನು ಮುಟ್ಟುವುದೇ ಇಲ್ಲ. ನಮ್ಮ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಕೊಳವೆಯ ಜಾಲವಾದ್ದರಿಂದ, ಒಂದು ಕಡೆ ಕೆಟ್ಟರೆ ಎಲ್ಲ ಕಡೆಯೂ ಕೆಟ್ಟಿತು. ಮೇಸ್ತ್ರಿಗಳು ಇಷ್ಟನ್ನೂ ವಿವರಿಸಿ, "ಮೇಷ್ಟ್ರೇ, ಓಡದ ಗಾಡಿಯಿಂದ ಯಾರೂ ಸಾಯೋದಿಲ್ಲ, ನಿಲ್ಲದ ಗಾಡಿಯಿಂದ ಸಾಯ್ತಾರೆ" ಎಂದರು. ಬ್ರೇಕಿನ ರಬ್ಬರು ಬಟ್ಟಲುಗಳು, ಕೊಳವೆಗಳು, ಹೊಸ ಲೈನಿಂಗು, ಎಣ್ಣೆ, ಕೂಲಿ, ಎಲ್ಲ ಸೇರಿ 9,000 ರೂಪಾಯಿಯೂ ಆಗಲಿಲ್ಲ. ಬಣ್ಣಕ್ಕೆ ಸುರಿದದ್ದರ ಐದರಲ್ಲಿ ಒಂದು ಪಾಲಿಗಿಂತ ಕಡಮೆ.

ಅಂದಿನಿಂದ ನಮ್ಮ ಲೆಕ್ಕದ ಪುಸ್ತಕದಲ್ಲಿ ಮೂರು ಅಂಕಣಗಳಿವೆ. ಮೊದಲನೆಯದು ನಿಲ್ಲುವುದು, ಎರಡನೆಯದು ಓಡುವುದು, ಮೂರನೆಯದು ಹೊಳೆಯುವುದು. ತಿಂಗಳಿಗೆ 2,000 ರೂಪಾಯಿಯನ್ನು ಈ ಕಾರಿಗೆಂದು ಬೇರೆಯಾಗಿ ಎತ್ತಿಡುತ್ತೇವೆ. ಮೊದಲನೆಯ ಅಂಕಣದಲ್ಲಿ ಒಂದು ಕೆಲಸ ಬಾಕಿಯಿದ್ದರೂ ಎರಡನೆಯದಕ್ಕೆ ಕಾಸು ಬಿಚ್ಚತಕ್ಕದ್ದಲ್ಲ. ಎರಡನೆಯದು ಮುಗಿಯದೆ ಮೂರನೆಯದರ ಮಾತೆತ್ತತಕ್ಕದ್ದಲ್ಲ. ಅಲ್ಪ ಆದಾಯದವರು ಹಳೆಯ ಕಾರನ್ನು ಇಟ್ಟುಕೊಳ್ಳುವ ಉಪಾಯ ಈ ಕ್ರಮದಲ್ಲಿಯೇ ಅಡಗಿದೆಯೆಂಬುದು ನಮ್ಮ ಅನುಭವ. ಕಾರುಗಳು ಮೂಲೆಗೆ ಸೇರುವುದು ಅನೇಕವೇಳೆ ಹಣವಿಲ್ಲದೆ ಅಲ್ಲ, ಇದ್ದ ಹಣ ಹಿಂದುಮುಂದಾಗಿ ವ್ಯಯವಾಗಿ.

ನಿಲ್ಲುವುದೆಂಬ ಅಂಕಣಕ್ಕೆ ಬ್ರೇಕಿನೊಡನೆ ಟೈರು, ಸ್ಟಿಯರಿಂಗು, ದೀಪಗಳೂ ಸೇರುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆಯಿರುತ್ತದೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ನಿಂತ ಕಾರಿನ ಟೈರು ಸವೆಯುವುದಿಲ್ಲ, ಆದರೆ ಮುಪ್ಪಾಗುತ್ತದೆ. ಅಚ್ಚು ಆಳವಾಗಿ ಕಂಡರೂ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ ಅದನ್ನು ನಂಬಲಾಗದು.

ಬ್ರೇಕಿನ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸತಕ್ಕದ್ದು. ಗಾಳಿ ತೆಗೆಯುವ ಈ ಕೆಲಸಕ್ಕೆ ಇಬ್ಬರು ಬೇಕು. ನಮ್ಮ ಮನೆಯಲ್ಲಿ ಪೆಡಲಿನ ಮೇಲೆ ಮಗಳು, ಚಕ್ರದ ಬಳಿ ನಾವು. "ಒತ್ತು" ಎಂದರೆ ಅವಳು ಒತ್ತಿ ಹಿಡಿಯುತ್ತಾಳೆ. ನಾವು ಚಕ್ರದ ಹಿಂದಿನ ನಿಪ್ಪಲನ್ನು ಸಡಿಲಿಸಿ, ಕೊಳವೆಯ ಮೂಲಕ ಹಳೆಯ ಎಣ್ಣೆಯನ್ನು ಸೀಸೆಗೆ ಬಿಟ್ಟು, ಮತ್ತೆ ಬಿಗಿದು "ಬಿಡು" ಎನ್ನುತ್ತೇವೆ. ಗುಳ್ಳೆಗಳು ನಿಂತು ತಿಳಿಯಾದ ಎಣ್ಣೆ ಬರುವವರೆಗೂ ಹೀಗೆ ನಡೆಯುತ್ತದೆ. ಅತಿ ದೂರದ ಚಕ್ರದಿಂದ ಆರಂಭಿಸುವುದೂ, ಮೇಲಿನ ಬಟ್ಟಲು ಬರಿದಾಗದಂತೆ ನೋಡಿಕೊಳ್ಳುವುದೂ ಮುಖ್ಯ. ಈ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ತಿನ್ನುತ್ತದೆಂಬುದನ್ನೂ ನೆನಪಿಡಬೇಕು. ಮೊದಲ ಬಾರಿಗೆ ಮಾತ್ರ ನುರಿತವರನ್ನು ಪಕ್ಕದಲ್ಲಿಟ್ಟುಕೊಂಡು ಕಲಿಯುವುದು ಕ್ಷೇಮ.

ಎರಡನೆಯ ಅಂಕಣ ಇಂಜಿನಿನದು. ಇದರಲ್ಲಿ ಬಿಚ್ಚುವುದಕ್ಕೆ ಮೊದಲು ಪರೀಕ್ಷಿಸಬೇಕು. ಪ್ಲಗ್ಗನ್ನು ತೆಗೆದು ಆ ರಂಧ್ರಕ್ಕೆ ಒತ್ತಡದ ಮಾಪಕವನ್ನು ಇಟ್ಟು ಇಂಜಿನನ್ನು ತಿರುಗಿಸಿದರೆ, ಪ್ರತಿಯೊಂದು ಸಿಲಿಂಡರಿನ ಆರೋಗ್ಯವೂ ತಿಳಿಯುತ್ತದೆ. ನಾಲ್ಕೂ ಹೆಚ್ಚುಕಡಮೆ ಸಮನಾಗಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಒಂದರಲ್ಲಿ ಒತ್ತಡ ತೀರ ಕಡಮೆಯಿದ್ದರೆ, ಆ ರಂಧ್ರದೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ನಿನ ಉಂಗುರಗಳು ಸವೆದಿರಬೇಕು. ಏರದಿದ್ದರೆ ದೋಷ ಪ್ರಾಯಶಃ ವಾಲ್ವಿನದು. ಇಷ್ಟನ್ನು ಗೊತ್ತುಮಾಡಿಕೊಂಡು ಹೋದವನ ಮುಂದೆ ಇಂಜಿನನ್ನು ಸಂಪೂರ್ಣ ಬಿಚ್ಚಬೇಕೆಂದು ಯಾರೂ ಸುಲಭವಾಗಿ ಹೇಳಲಾರರು.

ಪೆಟ್ರೋಲಿನ ವಿಷಯವಾಗಿ ಈಚಿನ ಒಂದು ಎಚ್ಚರಿಕೆಯುಂಟು. 2025ರ ವೇಳೆಗೆ ದೇಶದ ಬಹುತೇಕ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲು ಬಂದಿತು. ಎಥನಾಲೂ ನೀರನ್ನು ಆಕರ್ಷಿಸುತ್ತದೆ. ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆದುಮಾಡುತ್ತದೆ. ಆದ್ದರಿಂದ ಪೆಟ್ರೋಲಿನ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಈ ಇಂಧನಕ್ಕೆ ಒಗ್ಗುವಂಥವಾಗಿ ಬದಲಾಯಿಸಿಕೊಳ್ಳಬೇಕು. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸದೆ ವಾರಕ್ಕೊಮ್ಮೆಯಾದರೂ ಓಡಿಸಬೇಕು. ಸೋರುವ ಕೊಳವೆ ಬಿಸಿ ಇಂಜಿನಿನ ಮೇಲೆ ತೊಟ್ಟಿಕ್ಕಿದರೆ ಬೆಂಕಿಯ ಭಯವುಂಟು.

ಮೂರನೆಯ ಅಂಕಣವನ್ನು ಹಗುರವಾಗಿ ನುಡಿದಂತಾಯಿತು. ಆದರೆ ಅದರ ಕೆಳಗೆ ಒಂದು ಗಂಭೀರ ವಿಷಯವಿದೆ. ಪದ್ಮಿನಿಗೆ ಲಾರಿಗಿರುವಂತೆ ಬೇರೆ ಚೌಕಟ್ಟಿಲ್ಲ. ತಗಡಿನ ಮೈಯೇ ಚೌಕಟ್ಟು. ಆದ್ದರಿಂದ ನೆಲಹಾಸನ್ನು ಎತ್ತಿ, ನೆಲದ ತಗಡನ್ನೂ ಬಾಗಿಲುಗಳ ಕೆಳಗಿನ ಅಂಚನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಗಣಗಣ ಎಂದರೆ ಲೋಹ, ದಬದಬ ಎಂದರೆ ತುಕ್ಕು ಅಥವಾ ಪುಟ್ಟಿ. ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕೇ ಹೊರತು ಪುಟ್ಟಿಯಿಂದ ಮುಚ್ಚಬಾರದು. ಈ ಬೆಸುಗೆ ನಿಜವಾಗಿ ಮೊದಲನೆಯ ಅಂಕಣಕ್ಕೆ ಸೇರಿದ್ದು. ಬಾಗಿಲಿನ ಅಡಿಯ ಸಣ್ಣ ರಂಧ್ರಗಳನ್ನು ಕಡ್ಡಿಯಿಂದ ಶುದ್ಧಮಾಡುವುದಕ್ಕೆ ಕಾಸೂ ಬೇಡ. ಮಳೆಯ ನೀರು ಹೊರಕ್ಕೆ ಹೋಗಲೆಂದೇ ಇರುವ ಆ ರಂಧ್ರಗಳು ಮುಚ್ಚಿಹೋದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ನೆಲವೂ ತೊಲೆಗಳೂ ಪೂರ್ತಿ ತುಕ್ಕು ಹಿಡಿದಿದ್ದರೆ ಆ ಕಾರಿನ ಆಸೆಯನ್ನು ಬಿಡುವುದೇ ಲೇಸು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ. ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಿದ್ದೇವೆ. ಗುಜರಿಯಲ್ಲಿ ಬಾಗಿಲ ಹಿಡಿ, ದೀಪದ ಗಾಜು, ಬಂಪರು ಇವುಗಳನ್ನು ಧಾರಾಳವಾಗಿ ಕೊಳ್ಳಬಹುದು. ಬ್ರೇಕಿನ ರಬ್ಬರು, ಸ್ಟಿಯರಿಂಗಿನ ಕೀಲು, ಟೈರು ಇವುಗಳನ್ನು ಎಷ್ಟು ಅಗ್ಗವಾದರೂ ಹಳೆಯದು ತರಬಾರದು. ಬಿಚ್ಚಿದ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋದರೆ ಎರಡನೆಯ ಪ್ರಯಾಣದ ಖರ್ಚು ಉಳಿಯುತ್ತದೆ.

ಮನೆಯಲ್ಲಿ ಕೆಲಸಮಾಡುವವರ ಕ್ಷೇಮದ ವಿಷಯವಾಗಿ ಮೂರು ಮಾತು. ಜಾಕು ಕಾರನ್ನು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಉಕ್ಕಿನ ಸ್ಟ್ಯಾಂಡುಗಳನ್ನು ಇಡದೆ ಕೆಳಗೆ ನುಸುಳಬಾರದು. ಇಟ್ಟಿಗೆ ಹಠಾತ್ತನೆ ಪುಡಿಯಾಗುತ್ತದೆ. ಹಳೆಯ ಬ್ರೇಕಿನ ಲೈನಿಂಗಿನಲ್ಲಿ ಆಸ್ಬೆಸ್ಟಸ್ ಇರಬಹುದಾದ್ದರಿಂದ ಅದರ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಬೇಕು. ಹಳೆಯ ಇಂಜಿನ್ ಎಣ್ಣೆಯನ್ನು ಮೋರಿಗೆ ಸುರಿಯದೆ, ಡಬ್ಬಿಯಲ್ಲಿ ಕೂಡಿಟ್ಟು ಅದನ್ನು ಕೊಳ್ಳುವವರಿಗೆ ಒಪ್ಪಿಸಬೇಕು.

ಕಾಯಿದೆಯ ಮಾತನ್ನೂ ಮರೆಯುವಂತಿಲ್ಲ. ನೋಂದಣಿಯಾಗಿ 15 ವರ್ಷ ತುಂಬಿದ ಖಾಸಗಿ ಕಾರು ತಪಾಸಣೆಗೆ ಒಳಗಾಗಿ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. 2021ರ ನಿಯಮಗಳ ಪ್ರಕಾರ ವಿಂಟೇಜ್ ಎಂಬ ವಿಶೇಷ ಗೌರವ ದೊರೆಯುವುದು 50 ವರ್ಷ ಮೀರಿದ ಮೂಲರೂಪದ ವಾಹನಗಳಿಗೆ. ಹಾಗೆ ದೊರೆತಮೇಲೆ ದಿನಬಳಕೆಗೆ ಓಡಿಸುವಂತಿಲ್ಲ. ನಮ್ಮ ಪದ್ಮಿನಿಗೆ ಇನ್ನೂ ಆ ವಯಸ್ಸಾಗಿಲ್ಲ. ತರಕಾರಿ ತರುವ ಕಾರಾಗಿಯೇ ಅದು ಇರಲೆಂಬುದು ನಮ್ಮ ಮನೆಯವರ ಅಭಿಪ್ರಾಯ, ನಮ್ಮದೂ ಅದೇ.

ಇಷ್ಟೆಲ್ಲ ಭಾಗಗಳನ್ನು ಬದಲಾಯಿಸಿದಮೇಲೆ ಅದು ತಂದೆಯ ಕಾರಾಗಿಯೇ ಉಳಿಯಿತೇ ಎಂದು ಮಿತ್ರರೊಬ್ಬರು ಕೇಳಿದರು. ಊರಿನ ತೇರಿಗೆ ಗಾಲಿ ಸವೆದರೆ ಹೊಸ ಗಾಲಿ ಹಾಕುತ್ತಾರೆ, ಅಚ್ಚು ಮುರಿದರೆ ಹೊಸ ಅಚ್ಚು. ಆದರೂ ಅದು ಅದೇ ತೇರು, ಏಕೆಂದರೆ ಎಳೆಯುವ ಊರು ಅದೇ. ತಂದೆಯವರು 2021ರಲ್ಲಿ ತೀರಿಕೊಂಡರು. ಕಾರಿನ ಪೆಟ್ಟಿಗೆಯಲ್ಲಿ ಅವರು 1983ರಿಂದ ಬರೆದಿಟ್ಟ ದುರಸ್ತಿಯ ಪುಸ್ತಕ ಸಿಕ್ಕಿತು. ಮೊದಲ ಪುಟದಿಂದಲೂ ಎರಡು ವರ್ಷಕ್ಕೊಮ್ಮೆ ತಪ್ಪದೆ "ಬ್ರೇಕ್ ಆಯಿಲ್ ಬದಲು" ಎಂದು ಬರೆದಿತ್ತು. ಅದನ್ನು 2019ರಲ್ಲಿ ಓದಿದ್ದರೆ ಬೆಟ್ಟದ ಪಾಠ ನಮಗೆ ಬೇಕಾಗುತ್ತಿರಲಿಲ್ಲ. ಶ್ರೋತೃಗಳಲ್ಲಿ ಯಾರ ಮನೆಯ ಷೆಡ್ಡಿನಲ್ಲಾದರೂ ಹಿರಿಯರ ಕಾರು ನಿಂತಿದ್ದರೆ, ಬಣ್ಣದ ಅಂಗಡಿಗೆ ಹೋಗುವ ಮುನ್ನ ಅದರ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಬೇಕೆಂದು ಬಿನ್ನವಿಸಿ ಈ ಭಾಷಣವನ್ನು ಮುಗಿಸುತ್ತೇವೆ.