ಕಡಿಮೆ ಬೆಲೆಯ ತುರ್ಕಿ ಬಿಲ್ಲು: ಎಲ್ಲಿ ಹುಡುಕುವುದು, ಏತಕ್ಕಾಗಿ ಹುಡುಕುವುದು



ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ತರುಣರಲ್ಲಿ ಕೆಲವರಿಗಾದರೂ ಇತ್ತೀಚಿನ ವರ್ಷಗಳಲ್ಲಿ ಒಂದು ಆಸೆ ಹುಟ್ಟಿದೆ. ತುರ್ಕಿ ದೇಶದಲ್ಲಿ 2014ರಿಂದ 2019ರವರೆಗೆ ಪ್ರಸಾರವಾದ ಎರ್ತುಗ್ರುಲ್ ಧಾರಾವಾಹಿಯನ್ನು ನಮ್ಮಲ್ಲೂ ಬಹಳ ಮಂದಿ ನೋಡಿದರು. ಓಡುವ ಕುದುರೆಯ ಮೇಲಿಂದ ಹಿಂದಕ್ಕೆ ತಿರುಗಿ ಬಾಣ ಬಿಡುವ ಆ ಸವಾರರನ್ನು ಕಂಡ ಮೇಲೆ, "ಅಂಥದೊಂದು ಬಿಲ್ಲು ಕಡಿಮೆ ಬೆಲೆಗೆ ಸಿಕ್ಕೀತೇ? ಸಿಕ್ಕರೆ ಒಂದು ಮೊಲವನ್ನೋ ಹಂದಿಯನ್ನೋ ಹೊಡೆಯಬಹುದಲ್ಲ" ಎಂಬ ಪ್ರಶ್ನೆ ಮೂಡುವುದು ಸಹಜ. ಇದರಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಬಿಲ್ಲಿನದು, ಇನ್ನೊಂದು ಬೇಟೆಯದು. ಇವೆರಡನ್ನೂ ಬಿಡಿಸಿ ನೋಡಿದರೆ ಉತ್ತರ ಸುಲಭವಾಗುತ್ತದೆ.

ಮೊದಲು ಬಿಲ್ಲಿನ ವಿಚಾರ. ನಾವು ಚಿಕ್ಕಂದಿನಲ್ಲಿ ಬಿದಿರಿನ ಸೀಳನ್ನು ಬಗ್ಗಿಸಿ ದಾರ ಕಟ್ಟಿ ಮಾಡುತ್ತಿದ್ದುದು ಒಂದೇ ವಸ್ತುವಿನ ಬಿಲ್ಲು. ತುರ್ಕಿ ಬಿಲ್ಲು ಹಾಗಲ್ಲ. ಅದರ ನಡುವೆ ಮರದ ತೆಳುವಾದ ತಿರುಳು. ಬಿಲ್ಲುಗಾರನ ಕಡೆಗಿರುವ ಒಳಮೈಗೆ ಎಮ್ಮೆಯ ಕೊಂಬಿನ ಪಟ್ಟಿ. ಗುರಿಯ ಕಡೆಗಿರುವ ಹೊರಮೈಗೆ ಪ್ರಾಣಿಗಳ ಸ್ನಾಯುವಿನ ನಾರು. ಇವನ್ನು ಹಿಡಿದಿಡಲು ಮೀನಿನ ಗಾಳಿಚೀಲದಿಂದಲೂ ಸ್ನಾಯುವಿನಿಂದಲೂ ಕಾಯಿಸಿ ತೆಗೆದ ಅಂಟು. ಹೆದೆ ಎಳೆದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಒತ್ತಡ ತಾಳುವುದು ಕೊಂಬಿನ ಗುಣ, ಹಿಗ್ಗಿ ಮತ್ತೆ ಮೊದಲಿನಂತಾಗುವುದು ನಾರಿನ ಗುಣ. ಆದ್ದರಿಂದಲೇ ಗಾತ್ರದಲ್ಲಿ ಗಿಡ್ಡವಾಗಿದ್ದರೂ ಅದು ಉದ್ದನೆಯ ಮರದ ಬಿಲ್ಲಿಗಿಂತ ಹೆಚ್ಚು ಶಕ್ತಿಯನ್ನು ತುಂಬಿಟ್ಟುಕೊಳ್ಳುತ್ತದೆ. ಹೆದೆ ಬಿಚ್ಚಿದರೆ ಅದು ಎದುರು ದಿಕ್ಕಿಗೆ ಮಡಚಿಕೊಂಡು ಹೆಚ್ಚುಕಡಿಮೆ ಬಳೆಯಂತೆ ದುಂಡಗಾಗುತ್ತದೆ.

ಗಿಡ್ಡವಾಗಿರುವುದು ಕುದುರೆಯ ಕಾರಣದಿಂದ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳುದ್ದದ ಬಿಲ್ಲನ್ನು ಹಿಡಿದು ಜೀನಿನ ಮೇಲೆ ಕುಳಿತವನು ಅದನ್ನು ಕುದುರೆಯ ಕತ್ತಿನ ಈಚೆಯಿಂದ ಆಚೆಗೆ ತಿರುಗಿಸಲಾರ.

ಇಂಥ ಬಿಲ್ಲು ಅಗ್ಗವಾಗಿ ಏಕೆ ಸಿಗುವುದಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ನಾರನ್ನು ಪದರ ಪದರವಾಗಿ ಅಂಟಿಸಬೇಕು, ಪ್ರತಿ ಪದರವನ್ನೂ ನಿಧಾನವಾಗಿ ಒಣಗಿಸಬೇಕು. ಒಂದು ಒಳ್ಳೆಯ ಬಿಲ್ಲು ಸಿದ್ಧವಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಬೆಲೆ ಸಾಮಗ್ರಿಯದಲ್ಲ, ಕಾಲದ್ದು. ಅಷ್ಟು ಹಣ ಕೊಟ್ಟು ತಂದರೂ ಅದಕ್ಕೆ ನಮ್ಮ ಮಳೆಗಾಲ ಶತ್ರು. ತೇವಕ್ಕೆ ಅಂಟು ಸಡಿಲವಾಗುತ್ತದೆ. ಹಿಂದೆ ಭಾರತದ ಕಮ್ಮಾರರು ಇಡಿಯ ಬಿಲ್ಲನ್ನೇ ಉಕ್ಕಿನಲ್ಲಿ ಮಾಡಿದ್ದುಂಟು. ಸೆಳೆತದಲ್ಲಿ ಅದು ಕೊಂಬಿನ ಬಿಲ್ಲಿಗೆ ಸಮನಲ್ಲ, ಆದರೆ ಆಯುಧಶಾಲೆಯಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಕೊಂಬಿನ ಬಿಲ್ಲು ನಮಗೆ ತೀರ ಹೊಸದೂ ಅಲ್ಲ. ವಿಷ್ಣುವಿನ ಬಿಲ್ಲಿನ ಹೆಸರು ಶಾರ್ಙ್ಗ. ಶೃಂಗ ಎಂದರೆ ಕೊಂಬು, ಕೊಂಬಿನಿಂದಾದದ್ದು ಶಾರ್ಙ್ಗ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿಗೆ ನಾಲ್ಕು ಸಾಮಗ್ರಿಗಳನ್ನು ಹೇಳಿದೆ. ಹಳೆಯ ಕನ್ನಡ ಕಾವ್ಯಗಳನ್ನು ಓದಿದವರಿಗೆ ಬಿಲ್ಲಿಗೆ ಸಿಂಗಾಡಿ ಎಂಬ ಮಾತೂ ಪರಿಚಿತ.

ಇತಿಹಾಸದಲ್ಲೂ ಈ ನಂಟು ಇದೆ. ಹದಿನೈದನೆಯ ಶತಮಾನದಲ್ಲಿ ವಿಜಯನಗರವನ್ನಾಳಿದ ಇಮ್ಮಡಿ ದೇವರಾಯನಿಗೆ ಬಹಮನಿ ಸೈನ್ಯದ ಎದುರು ಮತ್ತೆ ಮತ್ತೆ ಹಿನ್ನಡೆಯಾಯಿತು. ಕಾರಣವೇನೆಂದು ಆತ ವಿಚಾರಿಸಿದಾಗ ಎದುರಾಳಿಗಳ ಒಳ್ಳೆಯ ಕುದುರೆಗಳು ಮತ್ತು ಕುದುರೆಯ ಮೇಲಿನ ಬಿಲ್ಲುಗಾರರು ಎಂಬ ಉತ್ತರ ಬಂತೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ದೇವರಾಯ ಮುಸಲ್ಮಾನ ಬಿಲ್ಲುಗಾರರನ್ನು ಸೇವೆಗೆ ಕರೆಸಿಕೊಂಡು ಜಹಗೀರು ಕೊಟ್ಟ, ಅವರ ಪ್ರಾರ್ಥನೆಗೆ ಅನುಕೂಲ ಮಾಡಿಕೊಟ್ಟ, ತನ್ನ ಸೈನಿಕರಿಗೆ ಅವರಿಂದ ಬಿಲ್ವಿದ್ಯೆ ಕಲಿಸಿದ. ಗಜಬೇಟೆಕಾರ ಎಂದು ಬಿರುದು ಹೊತ್ತ ದೊರೆ ಈತ. ಹಾಗಿದ್ದೂ ತನಗಿಂತ ಚೆನ್ನಾಗಿ ಬಲ್ಲವರಿಂದ ಕಲಿಯಲು ಹಿಂಜರಿಯಲಿಲ್ಲ. ಬಿಲ್ಲು ಕೊಳ್ಳುವುದಕ್ಕಿಂತ ಗುರುವನ್ನು ಹುಡುಕುವುದು ಮೊದಲು ಎಂಬ ಪಾಠ ಇಲ್ಲಿದೆ.

ಇನ್ನು ಎರಡನೆಯ ಪ್ರಶ್ನೆ, ಬೇಟೆಯದು. ಇಲ್ಲಿ ಮಾತು ಸ್ಪಷ್ಟವಾಗಿರಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಪರವಾನಗಿ ಪಡೆದು ಷಿಕಾರಿ ಮಾಡುವ ಅವಕಾಶವನ್ನು 1991ರ ತಿದ್ದುಪಡಿ ಮುಚ್ಚಿತು. ಕಾಯ್ದೆಯ ದೃಷ್ಟಿಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಹಾಕುವುದು, ಬೇಟೆಗಾಗಿ ಅಟ್ಟುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಹಕ್ಕಿಯ ಗೂಡು, ಮೊಟ್ಟೆಗಳನ್ನು ಕೆಡಿಸಿದರೂ ಅಷ್ಟೇ. ಆಯುಧ ಕೋವಿಯೋ ಬಿಲ್ಲೋ ಎಂಬ ಭೇದವಿಲ್ಲ. ಬಿಲ್ಲಿಗೆ ಸದ್ದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗದು ಎಂಬ ಲೆಕ್ಕಾಚಾರವನ್ನು ಯಾರೂ ಹಾಕಬಾರದು.

2022ರ ತಿದ್ದುಪಡಿಯ ನಂತರ ಪ್ರಾಣಿಗಳಿಗೆ ಎರಡು ಅನುಸೂಚಿಗಳಿವೆ. ಚಿರತೆ, ನವಿಲು, ಕೃಷ್ಣಮೃಗ ಮೊದಲನೆಯದರಲ್ಲಿವೆ. ಕಾಡುಹಂದಿ, ಮೊಲ ಎರಡನೆಯದರಲ್ಲಿವೆ. ಕೃಷ್ಣಮೃಗವೇನೂ ನಮಗೆ ದೂರದ್ದಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಅದಕ್ಕಾಗಿಯೇ ಜಯಮಂಗಲಿ ಸಂರಕ್ಷಣಾ ಪ್ರದೇಶವಿದೆ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಎರಡನೆಯದಾದರೆ 3 ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಿಲ್ಲು, ಬೈಕು ಜಪ್ತಿಯಾಗುವುದು ಬೇರೆ. ಒಂದು ಮೊಲದ ಆಸೆಗೆ ಒಬ್ಬ ತರುಣನ ಉದ್ಯೋಗ, ಮನೆಯವರ ನೆಮ್ಮದಿ ಎರಡೂ ಹೋಗುತ್ತವೆ. ಇದಕ್ಕಿಂತ ದುಬಾರಿಯಾದ ಬಿಲ್ಲು ಇನ್ನಾವುದಿದೆ?

"ರಾಗಿ ಹೊಲಕ್ಕೆ, ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಸುಮ್ಮನಿರಬೇಕೇ?" ಎಂದು ರೈತರು ಕೇಳಬಹುದು. ಆ ನೋವು ನಿಜವಾದದ್ದೇ. ಆದರೆ ದಾರಿ ಬೇರೆ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಪಡೆಯಲು ಅರ್ಜಿ ಹಾಕಬಹುದು. ಪ್ರಾಣಿ ಜೀವಕ್ಕೋ ಆಸ್ತಿಗೋ ಅಪಾಯಕಾರಿಯಾದಾಗ ಕ್ರಮ ಕೈಗೊಳ್ಳಲು ಅಧಿಕಾರಿಯ ಲಿಖಿತ ಆದೇಶ ಬೇಕು, ತಾನಾಗಿ ಹೊರಡುವಂತಿಲ್ಲ. ಬಾಣ ಕೊಲ್ಲುವುದು ರಕ್ತ ಹರಿಸಿ. ಅಭ್ಯಾಸವಿಲ್ಲದವನ ಬಾಣ ತಗುಲಿದ ಹಂದಿ ಸಾಯುವುದಿಲ್ಲ, ಗಾಯಗೊಂಡು ಪೊದೆ ಸೇರುತ್ತದೆ. ಮರುದಿನ ಬೆಳಿಗ್ಗೆ ಹುಲ್ಲಿಗೆ ಹೋದವರ ಮೇಲೆ ಬೀಳುವುದು ಅದೇ ಹಂದಿ. ಹೊಸತೊಡಕಿನ ಮಾಂಸ ಇಂದು ಅಂಗಡಿಯಿಂದಲೇ ಬರುತ್ತದೆ. ಹಬ್ಬಕ್ಕೆ ಅದರಿಂದ ಕುಂದೇನೂ ಆಗಿಲ್ಲ.

ಹಾಗಾದರೆ ಬೇಟೆಯಿಲ್ಲದ ಮೇಲೆ ಬಿಲ್ಲೇಕೆ? ಇದಕ್ಕೆ ತುರ್ಕರೇ ಉತ್ತರ ಕೊಟ್ಟಿದ್ದಾರೆ. ಇಸ್ತಾಂಬುಲ್ ನಗರದಲ್ಲಿ ಓಕ್‌ಮೈದಾನಿ ಎಂಬ ಸ್ಥಳವಿದೆ. ಓಕ್ ಎಂದರೆ ಬಾಣ. ಮೈದಾನ ನಮ್ಮ ಮೈದಾನವೇ. 1453ರಲ್ಲಿ ನಗರವನ್ನು ಗೆದ್ದ ಎರಡನೆಯ ಮೆಹ್ಮದ್ ಸುಲ್ತಾನ ಅದನ್ನು ಬಿಲ್ಲುಗಾರರಿಗೆ ಬಿಟ್ಟುಕೊಟ್ಟ. ಮುಂದೆ ಯುದ್ಧಕ್ಕೆ ಕೋವಿ ಬಂತು. ಬಿಲ್ಲು ಮೂಲೆ ಸೇರಬೇಕಿತ್ತು, ಸೇರಲಿಲ್ಲ. ಆ ಮೈದಾನದಲ್ಲಿ ಅದು ಆಟವಾಗಿ ಉಳಿಯಿತು. ಯಾರ ಬಾಣ ಎಲ್ಲಿಯವರೆಗೆ ಹೋಯಿತೋ ಅಲ್ಲಿ ಕಲ್ಲು ನೆಟ್ಟು ಹೆಸರು ಕೆತ್ತಿಸಿದರು. ಬಿಲ್ಲುಗಾರರ ದಫ್ತರದಲ್ಲಿ ಹೆಸರು ಸೇರಬೇಕಾದರೆ 900 ಗೆಜ್, ಅಂದರೆ ಸುಮಾರು 594 ಮೀಟರ್ ದೂರಕ್ಕೆ ಬಾಣ ಬಿಡಬೇಕಿತ್ತು. ನಮ್ಮಲ್ಲಿ ಕಾಳಗದಲ್ಲಿ ಮಡಿದವನಿಗೆ ವೀರಗಲ್ಲು ನೆಟ್ಟಂತೆ, ಅಲ್ಲಿ ಯಾರನ್ನೂ ಕೊಲ್ಲದ ಬಾಣಕ್ಕೆ ಕಲ್ಲು ನೆಟ್ಟರು. 2019ರಲ್ಲಿ ಯುನೆಸ್ಕೋ ತುರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಟೆಯನ್ನೂ ಯುದ್ಧವನ್ನೂ ಬಿಟ್ಟದ್ದರಿಂದಲೇ ಆ ಬಿಲ್ಲು ಇಂದಿಗೂ ಬದುಕಿದೆ.

ನಮ್ಮ ದೇಶದಲ್ಲೂ ಇದಕ್ಕೆ ನಿದರ್ಶನವಿದೆ. ರಾಜಸ್ಥಾನದ ಲಿಂಬಾ ರಾಮ್ ಬಡ ಬುಡಕಟ್ಟು ಕುಟುಂಬದ ಹುಡುಗ. ಬಿದಿರಿನ ಬಿಲ್ಲಿನಿಂದ ಕಾಡಿನ ಹಕ್ಕಿಗಳನ್ನು ಹೊಡೆಯುತ್ತಿದ್ದವನು. 1987ರಲ್ಲಿ ಕ್ರೀಡಾ ಪ್ರಾಧಿಕಾರದವರ ಆಯ್ಕೆಯಲ್ಲಿ ಕಣ್ಣಿಗೆ ಬಿದ್ದ. ಮರುವರ್ಷವೇ ಒಲಿಂಪಿಕ್ಸಿಗೆ ಹೋದ. 1988, 1992, 1996 ಹೀಗೆ ಮೂರು ಒಲಿಂಪಿಕ್ಸ್ ಕಂಡ. 1992ರಲ್ಲಿ ಬೀಜಿಂಗಿನಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದ. 2012ರಲ್ಲಿ ಪದ್ಮಶ್ರೀ ಬಂತು. ಕೈ ಅದೇ, ಕಣ್ಣು ಅದೇ, ಬದಲಾದದ್ದು ಗುರಿ.

ಗುಬ್ಬಿಯವರಿಗೆ ಇನ್ನೊಂದು ಮಾತು ನೆನಪಿಸಬಹುದು. ಡಾ. ರಾಜ್‌ಕುಮಾರ್ ನಾಯಕರಾಗಿ ತೆರೆಗೆ ಬಂದ 1954ರ 'ಬೇಡರ ಕಣ್ಣಪ್ಪ' ಚಿತ್ರದ ನಿರ್ಮಾಣದಲ್ಲಿ ಗುಬ್ಬಿ ವೀರಣ್ಣನವರ ಸಂಸ್ಥೆಯ ಕೈಯಿತ್ತು. ಬಿಲ್ಲು ಹಿಡಿದ ಆ ಬೇಡನನ್ನು ನಾಡು ಇಂದಿಗೂ ನೆನೆಯುವುದು ಅವನು ಹೊಡೆದ ಬೇಟೆಗಾಗಿ ಅಲ್ಲ, ಕೊಟ್ಟ ಕಣ್ಣಿಗಾಗಿ.

ಈಗ ಕೊಳ್ಳುವ ಮಾತಿಗೆ ಬರೋಣ. ನಿಮ್ಮ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು ಬಿದಿರಿನ ಬಿಲ್ಲು. ನಮ್ಮ ದೇಶದ ಸ್ಪರ್ಧೆಗಳಲ್ಲಿ 'ಇಂಡಿಯನ್ ರೌಂಡ್' ಎಂಬ ವಿಭಾಗವೇ ಇದಕ್ಕಾಗಿ ಇದೆ. ಹಿರಿಯರು 50 ಮತ್ತು 30 ಮೀಟರ್ ದೂರದಿಂದ ಗುರಿಯಿಡುತ್ತಾರೆ. ಕೆಲವೇ ಸಾವಿರ ರೂಪಾಯಿಗಳಲ್ಲಿ ಆಗುವಂಥದ್ದು. ಕಲಿಯುವವರಿಗೆ ಇದೇ ಸಾಕು. ಎರಡನೆಯದು ತುರ್ಕಿ ಆಕಾರದ, ಆದರೆ ಮರ ಮತ್ತು ಗಾಜಿನ ನಾರಿನ ಪದರಗಳಿಂದ ಮಾಡಿದ ಬಿಲ್ಲು. ಬೆಲೆ ಬಿದಿರಿನದಕ್ಕಿಂತ ಹಲವು ಪಟ್ಟು ಹೆಚ್ಚಾದರೂ ಮಳೆಗಾಲಕ್ಕೆ ಹೆದರುವುದಿಲ್ಲ. ತುರ್ಕಿ ಬಿಲ್ಲೇ ಬೇಕೆನ್ನುವವರಿಗೆ ಕೈಗೆಟುಕುವುದು ಇದೇ. ಮೂರನೆಯದು ನಿಜವಾದ ಕೊಂಬಿನ ಬಿಲ್ಲು. ಅದು ವರ್ಷಗಟ್ಟಲೆ ಪಳಗಿದವರಿಗೆ. ಅಗ್ಗದ ಬೆಲೆಗೆ ಕೊಂಬಿನ ಬಿಲ್ಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೊರದೇಶದಿಂದ ತರಿಸುವುದಾದರೆ ಸುಂಕ, ಸಾಗಣೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ತರಿಸುವ ಮೊದಲೇ ನಿಯಮಗಳನ್ನು ಕೇಳಿ ತಿಳಿದುಕೊಳ್ಳಿ. ಕೊಳ್ಳುವಾಗ ಎಳೆತದ ತೂಕ ಎಷ್ಟು ಪೌಂಡ್, ಅದು ಎಷ್ಟು ಅಂಗುಲದ ಎಳೆತಕ್ಕೆ ಎಂದು ಕೇಳಿ. ಹೊಸಬರಿಗೆ 25ರಿಂದ 30 ಪೌಂಡ್ ಸಾಕು. ಹೆಚ್ಚು ಬಿಗಿಯಾದ ಬಿಲ್ಲು ಭುಜವನ್ನು ಕೆಡಿಸುತ್ತದೆ, ಗುರಿಯನ್ನು ಕಲಿಸುವುದಿಲ್ಲ. ಹೆದೆಯೇರಿಸಿ ತುದಿಯಿಂದ ನೋಡಿ. ಎರಡು ತೋಳುಗಳೂ ತಿರುಚಿಕೊಳ್ಳದೆ ಹೆದೆಯ ನೇರಕ್ಕೆ ಇರಬೇಕು. ಬಾಣಗಳು ಬಿಲ್ಲಿನ ಬಲಕ್ಕೆ ಹೊಂದುವಂತಿರಲಿ. ಬಾಣ ಹೂಡದೆ ಹೆದೆ ಎಳೆದು ಬಿಡಬೇಡಿ. ಆ ಶಕ್ತಿ ಬಾಣಕ್ಕೆ ಹೋಗುವ ಬದಲು ಬಿಲ್ಲನ್ನೇ ಸೀಳುತ್ತದೆ.

ತುರ್ಕಿ ಪದ್ಧತಿಯಲ್ಲಿ ಹೆದೆ ಎಳೆಯುವುದು ಹೆಬ್ಬೆರಳಿನಿಂದ, ಅದಕ್ಕೊಂದು ಉಂಗುರವಿರುತ್ತದೆ. ದ್ರೋಣರು ಏಕಲವ್ಯನಿಂದ ಹೆಬ್ಬೆರಳನ್ನೇ ಏಕೆ ಕೇಳಿದರೆಂಬುದು ಈ ಉಂಗುರ ತೊಟ್ಟು ಒಮ್ಮೆ ಎಳೆದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಭ್ಯಾಸಕ್ಕೆ ರಸ್ತೆ ಬದಿ, ತೋಟದ ಸಾಲು, ಕೆರೆ ಏರಿ ಬೇಡ. ತೆಂಗು ಅಡಿಕೆ ಸಾಲಿನ ಆಚೆ ಯಾರಿದ್ದಾರೆಂದು ಬಾಣಕ್ಕೆ ತಿಳಿಯದು. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವಿರಲಿ, ಜೊತೆಯಲ್ಲಿ ತಿಳಿದವರಿರಲಿ. ತುಮಕೂರಿನಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ತರಬೇತಿಯ ವಿಚಾರವನ್ನು ಕೇಳಿ. ಹತ್ತು ಜನ ಒಟ್ಟಾಗಿ ಹೋಗಿ ಕೇಳಿದರೆ ಆ ಮಾತಿಗೆ ತೂಕ ಹೆಚ್ಚು. ಹತ್ತು ಜನ ಕೂಡಿ ಎರಡು ಬಿಲ್ಲು ಕೊಂಡರೆ ತಲೆಗೆ ಬೀಳುವ ಖರ್ಚೂ ಕಡಿಮೆ. ಅಗ್ಗದ ಬಿಲ್ಲು ಪಡೆಯುವ ನಿಜವಾದ ದಾರಿ ಇದೇ.

ಮೊದಲ ದಿನ ಹತ್ತು ಮೀಟರಿಗೆ ಒಂದು ಹುಲ್ಲಿನ ಮೆದೆ ಇಟ್ಟು ಶುರು ಮಾಡಿ. ಆರು ಬಾಣಗಳೂ ಒಂದು ಅಂಗೈಯಗಲದಲ್ಲಿ ಕೂರುವವರೆಗೆ ಹನ್ನೊಂದನೆಯ ಮೀಟರಿಗೆ ಸರಿಯಬೇಡಿ. ಅಷ್ಟು ಸಾಧಿಸುವ ಹೊತ್ತಿಗೆ ಮೊಲದ ಯೋಚನೆ ತಾನಾಗಿಯೇ ಹಿಂದೆ ಉಳಿದಿರುತ್ತದೆ.