ಕಷ್ಟಕಾಲದ ಕರೆ

 

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ನಮ್ಮ ಸೀಮೆಯ ಕಷ್ಟ ನಿಮಗೆ ಗೊತ್ತಿರುವುದೇ. ಹೊಗೆಸೊಪ್ಪಿನ ರೈತ ಸಾಲ ತಂದು ಗೊಬ್ಬರ ಹಾಕುತ್ತಾನೆ, ಸೌದೆ ಕೊಂಡು ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸುತ್ತಾನೆ. ಬೆಲೆ ಹೇಳುವವರು ಮಾತ್ರ ಹರಾಜು ಮಾರುಕಟ್ಟೆಯಲ್ಲಿರುತ್ತಾರೆ. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥವೂ ಕಬಿನಿಯೂ ಉಕ್ಕಿ ಹರಿದು ಹೊಲ ಮನೆಗಳಿಗೆ ನುಗ್ಗಿದವು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆನೆ ಇಳಿದರೆ ಒಂದೇ ರಾತ್ರಿಗೆ ರಾಗಿ ಹೊಲ ಮುಗಿಯಿತು. ಸಾಲಕ್ಕೆ ಹೆದರಿ ಯಜಮಾನ ಜೀವ ಕಳೆದುಕೊಂಡ ಮನೆಗೆ ಹೋದರೆ ಆ ತಾಯಿ ಕೇಳುವುದು ಒಂದೇ ಮಾತು: “ದೇವರು ನಮಗೇ ಯಾಕೆ ಹೀಗೆ ಮಾಡಿದ?”

ಆ ಮಾತಿಗೆ ಅವಸರದಲ್ಲಿ ಉತ್ತರ ಕೊಡಬೇಡಿ. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು. ಅಷ್ಟು ದಿನ ಅವರು ನಿಜವಾದ ಗೆಳೆಯರು. ಕಷ್ಟಕ್ಕೆ ಕಾರಣ ಹೇಳಲು ಹೊರಟಾಗ ತಪ್ಪಿದರು. ಕೊನೆಗೆ ದೇವರೇ ಅವರನ್ನು ಗದರಿಸಿದ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕವನ್ನೇ ತಳ್ಳಿಹಾಕಿದರು. ದೇವರ ಕೆಲಸ ಇವನಲ್ಲಿ ಕಾಣಬೇಕಾಗಿದೆ ಎಂದು ಹೇಳಿ, ಬಗ್ಗಿ ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿದರು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ನಮಗೆ ಕಲಿಸುವುದು ಇದನ್ನೇ. ದೇವರ ಉದ್ದೇಶವನ್ನು ಕಷ್ಟದ ಹಿಂದೆ ಹುಡುಕುತ್ತಾ ಕೂರಬೇಡಿ. ಅದು ನಮ್ಮ ಕಣ್ಣ ಮುಂದೆ, ಮಾಡಬೇಕಾದ ಕೆಲಸವಾಗಿ ನಿಂತಿದೆ.

ನಮ್ಮ ಹಿರಿಯರು ಹೀಗೆಯೇ ನಡೆದರು. 1799ರ ಯುದ್ಧದ ನಂತರ ಶ್ರೀರಂಗಪಟ್ಟಣಕ್ಕೆ ಬಂದ ಪಾದ್ರಿ ಅಬ್ಬೆ ದುಬೊಯ್ ಚೆದುರಿದ್ದ ಕ್ರೈಸ್ತರನ್ನು ಕೂಡಿಸಿದರು. ಸಿಡುಬು ಹಬ್ಬಿದ ಕಾಲದಲ್ಲಿ, 1803-04ರಲ್ಲಿ, ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. 1876-78ರ ಧಾತು ಈಶ್ವರ ಬರ ಮೈಸೂರು ಸಂಸ್ಥಾನವನ್ನೇ ಬರಿದು ಮಾಡಿತು: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದೊಳಗೆ ಇಳಿಯಿತು. ಆಗ ಮಿಷನ್ನಿನವರು ತಬ್ಬಲಿ ಮಕ್ಕಳಿಗೆ ಅನಾಥಾಲಯ ತೆರೆದರು. ನಮ್ಮ ತಾಯಂದಿರು ಹೆರಿಗೆಗೆ ಹೋಗುತ್ತಿದ್ದ ಮೈಸೂರಿನ ಮಿಷನ್ ಆಸ್ಪತ್ರೆ 1906ರಲ್ಲಿ ಶುರುವಾಯಿತು. ಕಷ್ಟ ಯಾಕೆ ಬಂತೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಇವರು ಕೂರಲಿಲ್ಲ. ಹಸಿದ ಮಗುವಿಗೆ ಅನ್ನ ಕೊಟ್ಟರು.

ಇಂದಿನ ಮಾತಿಗೆ ಬರೋಣ. ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ದೇವಾಲಯ 2019ರಲ್ಲಿ ಬೆಸಿಲಿಕಾ ಆಯಿತು. ಜೂನ್ 13ರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಹರಕೆ ಹೊತ್ತು ಬರುತ್ತಾರೆ. ಕಷ್ಟ ಹೊತ್ತವರು ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ನಾವು ಅವರ ಬಾಗಿಲಿಗೆ ಹೋಗಬೇಡವೇ?

ಆದ್ದರಿಂದ ಸಭೆಗಳ ಮುಂದೆ ಮೂರು ಕೋರಿಕೆ ಇಡುತ್ತೇನೆ. ಬೆಳೆ ಕಳೆದುಕೊಂಡ ಮನೆಗೆ, ಯಾವ ಮತದವರೇ ಆಗಲಿ, ವಾರದೊಳಗೆ ಇಬ್ಬರಾದರೂ ಹೋಗಿಬನ್ನಿ. ಪರಿಹಾರದ ಅರ್ಜಿ, ಬ್ಯಾಂಕಿನ ಕಾಗದ ಬರೆಯಲು ಓದಿದ ಯುವಕ ಯುವತಿಯರನ್ನು ನೇಮಿಸಿ. ಸುಗ್ಗಿಹಬ್ಬದ ಕಾಣಿಕೆಯಲ್ಲಿ ಒಂದು ಪಾಲನ್ನು ಸಾಲದ ಮನೆಯ ಮಕ್ಕಳ ಶಾಲೆಯ ಖರ್ಚಿಗೆ ತೆಗೆದಿಡಿ.

ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಪತ್ರ ಬರೆದು, ಇದ್ದಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದ. ಬಿಡುಗಡೆಗೆ ಎಪ್ಪತ್ತು ವರ್ಷ ಕಾಯಬೇಕಿದ್ದವರಿಗೆ ಹೇಳಿದ ಮಾತದು. ನಮ್ಮ ಊರುಗಳ ಕ್ಷೇಮದಲ್ಲೇ ನಮ್ಮ ಕ್ಷೇಮವೂ ಇದೆ. ಆ ಕೆಲಸಕ್ಕೆ ದೇವರು ನಮಗೆ ಬಲ ಕೊಡಲಿ. ಆಮೆನ್.