ಅಪ್ಪಣೆ ಪಡೆದು ಬೀಗ ತೆರೆಯುವವರು



ಪಾಸ್‌ವರ್ಡ್ ಮರೆತಾಗ ಮೊಬೈಲಿಗೆ ಆರು ಅಂಕಿಯ ಸಂಖ್ಯೆಯೊಂದು ಬರುತ್ತದಲ್ಲ, ಅಲ್ಲಿಂದ ಶುರು ಮಾಡೋಣ. ಆರು ಅಂಕಿ ಅಂದರೆ ಒಟ್ಟು ಹತ್ತು ಲಕ್ಷ ಸಾಧ್ಯತೆಗಳು. ಒಂದೊಂದಾಗಿ ಒತ್ತುತ್ತ ಕೂತರೆ ನಮ್ಮ ಬೆರಳು ಸವೆದೀತು. ಕಂಪ್ಯೂಟರಿಗೆ ಅದೇನು ದೊಡ್ಡ ಕೆಲಸವಲ್ಲ. ಅದಕ್ಕೇ ಕೆಲವು ಸಲ ತಪ್ಪಾದ ಕೂಡಲೇ ಬಾಗಿಲು ಮುಚ್ಚುವ ಏರ್ಪಾಡು ಇರುತ್ತದೆ. ನಿಜವಾದ ಕಾವಲು ಅದೇ.

2016ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿದ್ದ ಆನಂದ್ ಪ್ರಕಾಶ್ ಈ ಕಾವಲನ್ನು ಫೇಸ್‌ಬುಕ್ಕಿನಲ್ಲಿ ಪರೀಕ್ಷಿಸಿದರು. ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ತಪ್ಪಿಗೆ ತಡೆ ಬಿತ್ತು. ಹೊಸ ಸೌಲಭ್ಯಗಳ ಪರೀಕ್ಷೆಗೆಂದು ಇಟ್ಟಿದ್ದ ಇನ್ನೊಂದು ವಿಳಾಸದಲ್ಲಿ ತಡೆಯೇ ಇರಲಿಲ್ಲ! ಯಾರ ಖಾತೆಯನ್ನಾದರೂ ವಶಮಾಡಿಕೊಳ್ಳಬಹುದಿತ್ತು. ಅವರು ತಮ್ಮದೇ ಖಾತೆಯ ಮೇಲೆ ಪ್ರಯೋಗ ಮಾಡಿ, ಫೇಸ್‌ಬುಕ್ಕಿಗೆ ವರದಿ ಬರೆದರು. ಮರುದಿನವೇ ದೋಷ ಸರಿಹೋಯಿತು. 15,000 ಡಾಲರ್ ಬಹುಮಾನವೂ ಬಂತು.

ಬಹುಮಾನದ ಮಾತು ಎಲ್ಲರಿಗೂ ನೆನಪುಳಿಯುತ್ತದೆ. ತಮ್ಮದೇ ಖಾತೆ ಅನ್ನುವುದು ಮರೆತುಹೋಗುತ್ತದೆ. ಎಥಿಕಲ್ ಹ್ಯಾಕಿಂಗ್‌ಗೂ ಕಳ್ಳತನಕ್ಕೂ ವಿದ್ಯೆ ಒಂದೇ. ನಡುವೆ ಇರುವುದು ಒಡೆಯನ ಅಪ್ಪಣೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಪ್ರಕಾರ ಅಪ್ಪಣೆಯಿಲ್ಲದೆ ಹೊಕ್ಕರೆ ಪರಿಹಾರ ತೆರಬೇಕು. ವಂಚನೆಯ ಉದ್ದೇಶವಿದ್ದರೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಈ ವಿದ್ಯೆ ಹಳ್ಳಿಗೂ ಬೇಕು. ಜಮೀನಿನ ದಾಖಲೆಗಳನ್ನು ಡಿಜಿಟಲ್ ಮಾಡಿದ ರಾಜ್ಯದ ಭೂಮಿ ಯೋಜನೆ ಬಂದ ಮೇಲೆ ಬೀದರ್ ಜಿಲ್ಲೆಯ ಡಾಬಕಾದ ರೈತರ ಪಹಣಿಯೂ ಕಂಪ್ಯೂಟರಿನಲ್ಲಿದೆ. ಅದನ್ನು ಕಾಯುವ ವಿದ್ಯೆಯನ್ನು ಔರಾದ್, ಭಾಲ್ಕಿಯ ಮಕ್ಕಳು ಮನೆಯಲ್ಲೇ ಕಲಿಯಬಹುದು. ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸಬಹುದು. ಅದರಲ್ಲಿ ತಂತ್ರಾಂಶಗಳ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಸ್ಥೆಯ ಜ್ಯೂಸ್ ಶಾಪ್ ಇಟ್ಟುಕೊಳ್ಳಿ. ಅದೊಂದು ಹಣ್ಣಿನ ರಸದ ಹುಸಿ ಅಂಗಡಿ. ಬೇಕೆಂತಲೇ ದೋಷಗಳನ್ನು ತುಂಬಿ ಕಟ್ಟಿದ್ದಾರೆ. ಎಷ್ಟು ಮುರಿದರೂ ಯಾರೂ ಬೈಯುವುದಿಲ್ಲ.

ಅದಕ್ಕೂ ಮೊದಲು ನೆಟ್‌ವರ್ಕ್ ಹೇಗೆ ಮಾತಾಡುತ್ತದೆ, ಲಿನಕ್ಸ್ ಹೇಗೆ ನಡೆಯುತ್ತದೆ, ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯುವುದು ಹೇಗೆ ಅನ್ನುವುದು ಬರಬೇಕು. ತಿಂಗಳಲ್ಲಿ ಹ್ಯಾಕರ್ ಮಾಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು ಅಭ್ಯಾಸವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ: ಬರವಣಿಗೆ. ದೋಷ ಎಲ್ಲಿದೆ, ಯಾವ ಹೆಜ್ಜೆಯಲ್ಲಿ ಸಿಕ್ಕಿತು, ಅದರಿಂದ ಏನು ಕೆಡುಕಾದೀತು ಎಂಬುದನ್ನು ಓದಿದವರು ತಾವೇ ಮಾಡಿ ನೋಡುವ ಹಾಗೆ ಬರೆಯಬೇಕು. 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಇಂಥ ವರದಿಗಳನ್ನು ಸ್ವೀಕರಿಸುತ್ತದೆ. ಜ್ಯೂಸ್ ಶಾಪ್‌ನಲ್ಲಿ ಸಿಕ್ಕ ಮೊದಲ ದೋಷದ ಮೇಲೇ ಅಂಥದೊಂದು ವರದಿ ಬರೆದು, ಅದನ್ನು ಗೆಳೆಯನ ಕೈಗೆ ಕೊಟ್ಟು ನೋಡಿ.